ಸೆರಗಿನ ಖಾಲಿ ಗಂಟು

ಬೆಳಿಗ್ಗೆಯಿಂದ ನನ್ನ ಸೆರಗಿನ ತುದಿಯಲ್ಲಿ ಒಂದು ಗಂಟಿದೆ. ಯಾತಕ್ಕೆ ಹಾಕಿದ್ದು ಅಂತ ನೆನಪಿಲ್ಲ. ಗಂಟು ಹಾಕುವುದೇ ನೆನಪಿಗೆ. ಆ ಗಂಟಿನ ವಿಷಯವೇ ಮರೆತುಹೋದರೆ ಅದನ್ನು ಕಟ್ಟಿಕೊಂಡು ಓಡಾಡುವವಳ ಗತಿ ಏನು, ನೀವೇ ಹೇಳಿ. ಸಾರಿಗೆ ಒಗ್ಗರಣೆ ಹಾಕುವಾಗ ಕೈಗೆ ತಾಗುತ್ತದೆ, ಬಟ್ಟೆ ಹಿಂಡುವಾಗ ತಾಗುತ್ತದೆ, ಕೂತರೆ ಮೊಣಕಾಲಿಗೆ ತಾಗುತ್ತದೆ. ತಾಗಿದಾಗಲೆಲ್ಲ ಮೈ ಉರಿಯುತ್ತದೆ. ಬಿಚ್ಚಿ ಎಸೆಯೋಣವೆಂದರೆ ಬಿಚ್ಚಲು ಧೈರ್ಯವಿಲ್ಲ. ಬಿಚ್ಚಿದ ಮೇಲೆ ಮರೆತದ್ದು ಇತ್ತು ಅನ್ನುವುದೂ ಮರೆತುಹೋಗುತ್ತದಲ್ಲ!

ಇವತ್ತು ಭಾನುವಾರ, ಶಾಲೆಗೆ ರಜೆ. ಹಾಗಾಗಿ ಇಡೀ ದಿನ ಈ ಗಂಟಿನ ಜೊತೆ ಜಗಳವಾಡಲು ನನಗೆ ಬಿಡುವಿದೆ. ಉಪ್ಪಿನಕಾಯಿ ಜಾಡಿ ಬಿಸಿಲಿಗಿಡಬೇಕಿತ್ತೇ? ಇಟ್ಟಾಗಿದೆ. ಅತ್ತೆಯ ಕಾಲಿಗೆ ಹಚ್ಚುವ ಎಣ್ಣೆ? ಕಾಸಿಟ್ಟಿದ್ದೇನೆ. ಮೂರನೇ ಕ್ಲಾಸಿನ ಮಕ್ಕಳ ಕಾಪಿ ಪುಸ್ತಕ? ತಿದ್ದಿದ್ದೇನೆ. ಇವರ ಕರಿ ಕೋಟಿನ ಗುಂಡಿ? ಹೊಲಿದಿದ್ದೇನೆ. ಇವರು ಅಂದರೆ ನನ್ನ ಯಜಮಾನರು, ಸಾಗರದ ಒಬ್ಬ ವಕೀಲರ ಹತ್ತಿರ ಗುಮಾಸ್ತರು. ಎಲ್ಲವೂ ಆಗಿದೆ. ಆದರೂ ಗಂಟು ಹಾಗೇ ಇದೆ, ಅದೂ ಎರಡೆರಡು ಸುತ್ತು ಬಿಗಿದು ಕಟ್ಟಿದ ಗಂಟು. ಒಮ್ಮೆ ಸಡಿಲಿಸಲು ಹೋಗಿ ಉಗುರು ನೋವಾಯಿತು. ಇಷ್ಟು ಬಿಗಿಯಾಗಿ ಕಟ್ಟುವಂಥ ಸಿಟ್ಟು ಬೆಳಿಗ್ಗೆ ನನಗೆ ಯಾರ ಮೇಲೆ ಬಂದಿತ್ತು ಎಂದು ಯೋಚಿಸಿದೆ. ಬಹಳ ಜನ ಹೊಳೆದರು.

ಗಂಟಿನ ವಿದ್ಯೆ ನನಗೆ ಬಂದದ್ದು ಅಜ್ಜಿಯಿಂದ. ನನ್ನ ತವರು ತೀರ್ಥಹಳ್ಳಿ ದಾಟಿ ಮೇಗರವಳ್ಳಿ ಕಡೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಅವಳ ಸೆರಗಿನ ತುದಿಯಲ್ಲಿ ಯಾವಾಗಲೂ ಮೂರು ನಾಲ್ಕು ಗಂಟು ಇರುತ್ತಿದ್ದವು. ಪ್ರತಿ ಗಂಟಿನೊಳಗೂ ಒಂದು ವಸ್ತು. ಬಳೆ ಚೂರು ಇಟ್ಟಿದ್ದರೆ ಮಗಳ ಮನೆಗೆ ಹೇಳಿ ಕಳಿಸಬೇಕು ಅಂತ. ಹುಣಸೆ ಬೀಜ ಇದ್ದರೆ ಯಾರಿಗೋ ಕೊಟ್ಟ ಪಾತ್ರೆ ವಾಪಸು ಬಂದಿಲ್ಲ ಅಂತ. ಭತ್ತದ ಕಾಳು ಇದ್ದರೆ ಬಿತ್ತನೆಯ ಮಾತು. ಒಮ್ಮೆ ಒಂದು ಗಂಟಿನಿಂದ ನನ್ನದೇ ಹಾಲುಹಲ್ಲು ಬಿತ್ತು. ಅದು ಯಾತಕ್ಕೆ ಅಂತ ಕೇಳಿದ್ದಕ್ಕೆ, "ನಿನ್ನ ಇಸ್ಕೂಲಿಗೆ ಹಾಕ್ಬೇಕು ಅಂತ ನಿನ್ನಪ್ಪಂಗೆ ಹೇಳಾದು ಮರೀಬಾರ್ದಲ್ಲ, ಅದ್ಕೆ" ಅಂದಳು. ನಾನು ಓದಿದ್ದು, ಟೀಚರ್ ಆದದ್ದು, ಊರಿನವರ ಬಾಯಲ್ಲಿ ಅಕ್ಕೋರಾದದ್ದು ಎಲ್ಲ ಆ ಗಂಟಿನಿಂದ.

ನಾನು ಹಾಕುವ ಗಂಟಿನಲ್ಲಿ ಏನೂ ಇರುವುದಿಲ್ಲ. ಓದಿದವಳಲ್ಲವೇ, ಬಳೆ ಚೂರು, ಹುಣಸೆ ಬೀಜ ಕಟ್ಟಿಕೊಂಡು ಕ್ಲಾಸಿಗೆ ಹೋಗಲು ನಾಚಿಕೆ. ಚಿಕ್ಕವಳಿದ್ದಾಗಲೇ ಅಜ್ಜಿ ನನ್ನ ಲಂಗದ ತುದಿ ಹಿಡಿದು ಬೈದಿದ್ದಳು: "ಒಳ್ಗೆ ಎಂತಾರು ಇಡ್ದೆ ಗಂಟು ಹಾಕ್ಬೇಡ್ವೆ ಹುಡ್ಗಿ. ಖಾಲಿ ಗಂಟು ಯಾರ್ದು ಬೇಕಾರೂ ಆಗ್ತದೆ." ಆಗ ಆ ಮಾತು ಅರ್ಥವಾಗಿರಲಿಲ್ಲ. ನಕ್ಕು ಓಡಿಹೋಗಿದ್ದೆ.

ಈಗ ನನಗೆ ನಲವತ್ತೇಳು. ಮರೆವು ಹೆಚ್ಚಾಗಿದೆ, ಒಪ್ಪುತ್ತೇನೆ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದ್ದೇನೆ. ಅಡುಗೆಮನೆಗೆ ಹೋಗಿ, ಯಾಕೆ ಬಂದೆ ಎಂದು ಕಂಬ ಹಿಡಿದು ನಿಂತಿದ್ದೇನೆ. ಒಂದು ದಿನ ಹಾಜರಿ ಕರೆಯುವಾಗ ಒಬ್ಬಳನ್ನು ಅವಳ ಅಮ್ಮನ ಹೆಸರಿನಿಂದ ಕರೆದೆ. ಅವಳಮ್ಮನಿಗೂ ನಾನೇ ಟೀಚರ್ ಆಗಿದ್ದೆ, ಮೂಗು ಹಾಗೇ ಇತ್ತು, ಏನು ಮಾಡಲಿ? ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ನಗಬಾರದಿತ್ತು. ಅವತ್ತಿನಿಂದ ನನ್ನ ಮರೆವು ಊರಿನ ಸಾರ್ವಜನಿಕ ಸ್ವತ್ತಾಯಿತು.

ಕಾರಣ ಹೇಳಲು ಬಂದವರ ಸಾಲು ನೀವು ನೋಡಬೇಕಿತ್ತು. ತಲೆಗೆ ಹರಳೆಣ್ಣೆ ಹಾಕುವುದು ಬಿಟ್ಟಿದ್ದೇ ಕಾರಣ ಅಂದರು ಅತ್ತೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಅನ್ನ ಮಾಡುವುದು ಅಂದಳು ಪಕ್ಕದ ಮನೆಯವಳು. ಅವಳ ಮನೆಯಲ್ಲೂ ಅದೇ ಪಾತ್ರೆ, ಆದರೆ ಅವಳಿಗೆ ನೆನಪಿಡುವಂಥದ್ದು ಏನೂ ಇಲ್ಲದ್ದರಿಂದ ತೊಂದರೆ ಗೊತ್ತಾಗಿಲ್ಲ. ಸೀಮೆಸುಣ್ಣದ ಪುಡಿ ಮೂಗಿನಿಂದ ಮಿದುಳಿಗೆ ಏರುತ್ತದೆ ಎಂದರು ನಮ್ಮ ಶಾಲೆಯ ಮೇಷ್ಟರೊಬ್ಬರು. ಅವರು ಬೋರ್ಡಿನ ಮೇಲೆ ಬರೆದದ್ದನ್ನು ನಾನು ಈವರೆಗೆ ಕಂಡಿಲ್ಲ, ಅವರ ಮಿದುಳು ಭದ್ರವಾಗಿಯೇ ಇರಬೇಕು. ಮೈದುನ ಬಂದವನು ಕಾದಂಬರಿ ಓದುವುದೇ ಕಾರಣ ಎಂದು ಹೇಳಿ, ಹೋಗುವಾಗ ಎರಡು ಕಾದಂಬರಿ ಎತ್ತಿಕೊಂಡು ಹೋದ. ನನ್ನ ಒಳ್ಳೆಯದಕ್ಕಂತೆ.

ಇವರು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನನ್ನ ನಾಲಿಗೆ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಆಮೇಲೆ ಇವರ ಕಡೆ ತಿರುಗಿ, "ಇವ್ರಿಗೆ ನಿದ್ದೆ ಸರಿಯಾಗಿ ಬರುತ್ತಾ?" ಎಂದು ಕೇಳಿದರು. ನಾನು ಅಲ್ಲೇ ಕೂತಿದ್ದೇನೆ! ನಾಲಿಗೆ ಈಗಷ್ಟೇ ನೋಡಿದ್ದಾರೆ, ಅದು ಮಾತಾಡುತ್ತದೆ ಅನ್ನುವುದು ಅವರಿಗೆ ಹೊಳೆಯಲಿಲ್ಲ. ಇವರು ಸ್ವಲ್ಪ ಯೋಚಿಸಿ, "ಬರ್ಬಹುದು ಡಾಕ್ಟ್ರೇ, ಗಮನಿಸ್ಬೇಕು ಅಂದ್ಕಂಡಿದ್ದೆ, ಮರ್ತೋಯ್ತು" ಅಂದರು. ಇಬ್ಬರೂ ನಕ್ಕರು. "ಈ ವಯಸ್ಸಿನ ಹೆಂಗಸ್ರಿಗೆ ಇದೆಲ್ಲ ಇದ್ದದ್ದೇ" ಎಂದು ಡಾಕ್ಟರು ಒಂದು ಟಾನಿಕ್ ಬರೆದರು. ಆ ನಗು ನೆನೆದರೆ ಇವತ್ತಿಗೂ ಕೋಪ ಬರುತ್ತದೆ. ಟಾನಿಕ್ಕಿನ ಜೊತೆಗೆ, ನೆನಪಿಗೆ ಒಳ್ಳೆಯದೆಂದು, ಒಂದೆಲಗದ ಸೊಪ್ಪಿನ ತಂಬುಳಿ ದಿನವೂ ತಿನ್ನಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ಗದ್ದೆಯ ಅಂಚಿಗೆ ಹೋಗಿ ಒಂದೆಲಗ ಕಿತ್ತು ತರುವುದು ನೆನಪಿಡಬೇಕಾದವಳು ನಾನೇ. ರುಬ್ಬುವವಳೂ ನಾನೇ. ಇವರಿಗೆ ಅದು ಬಹಳ ಹಿಡಿಸಿ ಎರಡು ಸಲ ಬಡಿಸಿಕೊಳ್ಳುತ್ತಾರೆ. ನನ್ನ ಪಾಲಿಗೆ ಉಳಿಯುವುದು ಪಾತ್ರೆಯ ತಳ.

ಇವರ ಮರೆವಿನ ಬಗ್ಗೆ ಹೇಳದಿದ್ದರೆ ನಿಮಗೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ಮದುವೆಯಾದ ಮೂರನೇ ವರ್ಷ ತವರಿಗೆ ಹೊರಟಿದ್ದೆವು. ಹೊಸನಗರದಲ್ಲಿ ಬಸ್ಸು ಬದಲಿಸಬೇಕು. ನನ್ನನ್ನೂ ಒಂದು ವರ್ಷದ ಮಗಳನ್ನೂ ಟ್ರಂಕಿನ ಮೇಲೆ ಕೂರಿಸಿ, ಕಾಫಿ ಕುಡಿದು ಬರುತ್ತೇನೆಂದು ಹೋದರು. ಕಾಫಿ ಕುಡಿದರು. ಎದುರಿಗೇ ತೀರ್ಥಹಳ್ಳಿ ಬಸ್ಸು ನಿಂತಿತ್ತು, ಹತ್ತಿದರು, ಹೋದರು. ದಾರಿಯುದ್ದಕ್ಕೂ ಪಕ್ಕದಲ್ಲಿ ಕೂತವರ ಹತ್ತಿರ ಯಾವುದೋ ಗಡಿ ತಂಟೆಯ ಕೇಸಿನ ಬಗ್ಗೆ ಮಾತಾಡಿದರಂತೆ. ಮತ್ತೆ ಬಸ್ಸು ಬದಲಿಸಿ ನನ್ನ ತವರು ಮುಟ್ಟಿ, ಕಾಲು ತೊಳೆದು, ಬೆಲ್ಲ ನೀರು ಕುಡಿದು, ಊಟಕ್ಕೆ ಕೂತರಂತೆ. ಅಮ್ಮ ಬಾಗಿಲ ಕಡೆ ನೋಡಿ ನೋಡಿ ಸಾಕಾಗಿ, "ಅಲ್ಲ ಮಾರಾಯ್ರೆ, ನಮ್ ಹುಡ್ಗಿ, ಮಗು ಹಿಂದ್ ಬರ್ತಾ ಇದಾರಾ?" ಎಂದು ಕೇಳಿದಾಗ ಇವರು ತುತ್ತು ಕೈಯಲ್ಲೇ ಹಿಡಿದು, "ಓ" ಅಂದರಂತೆ.

ನಾನು ಮಗುವನ್ನು ಕಟ್ಟಿಕೊಂಡು, ಹೋಟೆಲಿನವರ ಹೆಂಡತಿ ಕೊಟ್ಟ ಅವಲಕ್ಕಿ ತಿಂದು, ಮುಂದಿನ ಬಸ್ಸಿಗೆ ಟ್ರಂಕು ನಾನೇ ಹತ್ತಿಸಿ ಹೋದೆ. ತವರು ಮುಟ್ಟಿದಾಗ ಜಗಲಿಯಲ್ಲಿ ಎಲ್ಲರೂ ಸೇರಿ ನಗುತ್ತಿದ್ದರು. "ದೊಡ್ಡ ತಲೆ ಕಣೆ ನಿನ್ ಗಂಡಂದು. ಅಷ್ಟೊಂದು ಕೇಸು ತಲೇಲಿ ಇಟ್ಕಂಡೋರಿಗೆ ಸಣ್ಣಪುಟ್ಟದ್ದೆಲ್ಲ ಎಲ್ಲಿ ನೆನಪಿರ್ತದೆ?" ಎಂದರು ನನ್ನ ಚಿಕ್ಕಪ್ಪ. ಸಣ್ಣದು ಅಂದರೆ ಮಗು. ಪುಟ್ಟದ್ದು ಅಂದರೆ ನಾನು. ಹೆಂಡತಿಯನ್ನು ಮರೆತವರಿಗೆ ದೊಡ್ಡ ತಲೆ, ಉಪ್ಪು ಮರೆತವಳಿಗೆ ಟಾನಿಕ್. ಇಪ್ಪತ್ತೆರಡು ವರ್ಷದಲ್ಲಿ ಇವರು ಬಸ್ಸಿನಲ್ಲಿ ಬಿಟ್ಟ ಕೊಡೆಗಳಲ್ಲಿ ಒಂದು ಮದುವೆ ದಿಬ್ಬಣಕ್ಕೆ ನೆರಳು ಕೊಡಬಹುದಿತ್ತು. ಒಬ್ಬರೂ ಇವರಿಗೆ ತಂಬುಳಿ ತಿನ್ನಿಸಲಿಲ್ಲ. ತಿನ್ನುತ್ತಿದ್ದಾರೆ, ಅದು ಬೇರೆ, ಆದರೆ ಅದು ನನ್ನ ಪಾಲಿನದು.

ಕಾರಣ ಏನೆಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಈ ಮನೆಯಲ್ಲಿ ಯಾರೂ ಏನನ್ನೂ ನೆನಪಿಡುವುದಿಲ್ಲ, ಎಲ್ಲರೂ ತಂದು ನನ್ನ ತಲೆಯಲ್ಲಿ ಇಡುತ್ತಾರೆ. ಅತ್ತೆಯ ಉಪವಾಸದ ದಿನಗಳು, ಮೈದುನನ ಮಕ್ಕಳ ಜನ್ಮನಕ್ಷತ್ರ, ಎಮ್ಮೆ ಗಬ್ಬ ಕಟ್ಟಿದ ತಿಂಗಳು, ಮದುವೆಯಾಗಿ ಹೋದ ಮಗಳ ಅತ್ತೆಗೆ ಏನು ಹಿಡಿಸುವುದಿಲ್ಲ ಅನ್ನುವುದು, ಇವರ ವಕೀಲರ ಕೇಸಿನ ವಾಯಿದೆ ಕೂಡ. "ಮಂಗಳವಾರ ನೆನಪ್ ಮಾಡೆ" ಎಂದು ಹೇಳಿ ಇವರು ಆರಾಮಾಗಿ ನಿದ್ದೆ ಹೋಗುತ್ತಾರೆ. ಮಂಗಳವಾರದವರೆಗೆ ಅದನ್ನು ಹೊತ್ತು ತಿರುಗುವವಳು ನಾನು.

ಇದು ಸಾಲದು ಎಂದು ಸೇರು ಹೋಯಿತು, ಕಿಲೋ ಬಂತು. ಮೈಲಿ ಹೋಯಿತು, ಕಿಲೋಮೀಟರು ಬಂತು. ಹದಿನೈದು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಅಳತೆಯ ಕೋಷ್ಟಕವನ್ನು ಮರೆಯಿರಿ, ಹೊಸದು ಕಲಿಸಿರಿ ಅಂದರು. ಮರೆತೆ. ಸಂಬಳಕ್ಕಾಗಿ ಮರೆತೆ. ಒಮ್ಮೆ ಮರೆಯಲು ಕಲಿತ ತಲೆ, ಇದು ಮರೆಯಬೇಕಾದ್ದು, ಇದು ಬೇಡ ಎಂದು ಆರಿಸುತ್ತಾ ಕೂರುತ್ತದೆಯೇ?

ಆದರೆ ನನ್ನ ಮೇಲೆ ದೂರು ಬಂದದ್ದು ನಾನು ಮರೆತದ್ದಕ್ಕಲ್ಲ. ಅದನ್ನು ಹೇಳಿಯೇ ತೀರಬೇಕು.

ಮೂರನೇ ಕ್ಲಾಸಿನಲ್ಲಿ 'ನಮ್ಮ ತಾಲೂಕು' ಎಂದೊಂದು ಪಾಠ. ಹೊಳೆ ದಂಡೆಯ ಊರುಗಳನ್ನೆಲ್ಲ ಒಂದರ ಹಿಂದೆ ಒಂದು ರಾಗವಾಗಿ ಹೇಳಿಸುವುದು ನನ್ನ ಪದ್ಧತಿ. ಶರಾವತಿಯ ಹಿನ್ನೀರು ಬಂದ ಮೇಲೆ ಅದರಲ್ಲಿ ಅರ್ಧ ಊರುಗಳು ಇಲ್ಲ. ಇಲ್ಲದ ಊರು ಬಿಟ್ಟು ಹೇಳಿಸಬೇಕು. ಕಳೆದ ತಿಂಗಳು ಒಂದು ದಿನ ಹೇಳಿಸುತ್ತಾ ಹೇಳಿಸುತ್ತಾ ಬಾಯಿ ತನ್ನ ಪಾಡಿಗೆ ಹಳೆಯ ದಾರಿ ಹಿಡಿಯಿತು. ಕಣಗಲಸರ ಎಂದೆ. ಮಕ್ಕಳೂ ಕಣಗಲಸರ ಎಂದವು. ಹಿಂದಿನ ಸಾಲಿನಲ್ಲಿ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ, ಸೇರಿದಾಗಿನಿಂದ ಬಾಯಿ ಬಿಡದಿದ್ದವಳು, ಎದ್ದು ನಿಂತು, "ಅಕ್ಕೋರೇ, ನಮ್ಮೂರ್ ಬಂತು!" ಎಂದು ಕೂಗಿದಳು. ಅವಳ ಮುಖ ನೋಡಿದ ಮೇಲೆ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಮುಳುಗಿದ ಊರುಗಳನ್ನೆಲ್ಲ ಹೇಳಿಸಿದೆ, ಒಂದೂ ಬಿಡದೆ. ಎಲ್ಲವೂ ನನಗೆ ನೆನಪಿತ್ತು.

ವಾರದೊಳಗೆ ದೂರು. ಅಕ್ಕೋರಿಗೆ ಮರೆವು ತಲೆಗೇರಿದೆ, ಇಲ್ಲದ ಊರನ್ನು ಇದೆ ಅಂತ ಕಲಿಸುತ್ತಾರೆ, ಮಕ್ಕಳ ಗತಿಯೇನು ಅಂತ. ದೂರು ಹೇಳಿದವರು ಶಾಲಾ ಸಮಿತಿಯ ಒಬ್ಬ ಹಿರಿಯರು. ಹೇಳಿದ್ದು ನನಗಲ್ಲ, ನನ್ನ ಗಂಡನಿಗೆ! ಪೇಟೆಯಲ್ಲಿ ನಿಲ್ಲಿಸಿ, ಹೆಗಲ ಮೇಲೆ ಕೈ ಹಾಕಿ, "ಮರ್ಯಾದೆಯಾಗಿ ಅವ್ರೇ ಬಿಟ್ರೆ ಒಳ್ಳೇದು ನೋಡಿ" ಅಂದರಂತೆ. ನೆನಪಿಟ್ಟದ್ದಕ್ಕೆ ಮರೆವು ಎಂದು ಹೆಸರು. ನಾನು ಇವರಿಗೆ ಎಲ್ಲ ವಿವರಿಸಿದೆ, ಆ ಹುಡುಗಿ ಎದ್ದು ನಿಂತದ್ದನ್ನೂ ಹೇಳಿದೆ. ಇವರು ಕೇಳಿ, "ಅದೆಲ್ಲ ಸರಿ ಕಣೆ, ಆದ್ರೂ ಸುಸ್ತಾಗಿದೆ ನಿಂಗೆ. ಮನೇಲಿ ಆರಾಮಾಗಿರು. ಅಮ್ಮಂಗೂ ಒಬ್ರು ಬೇಕು" ಅಂದರು. ಅಮ್ಮಂಗೂ ಒಬ್ಬರು ಬೇಕು! ಅಲ್ಲಿಗೆ ಬಂತು ನೋಡಿ ವಿಷಯ.

ಅದೇ ಸಂಜೆ ರಾಜೀನಾಮೆ ಬರೆಯಲು ಕೂತರು. ಗುಮಾಸ್ತರ ಕೈ, ಚಂದದ ಅಕ್ಷರ. "ಅರ್ಜಿದಾರಳಾದ ನನ್ನ ಜ್ಞಾಪಕಶಕ್ತಿಯು ಇತ್ತೀಚೆಗೆ ತೀರಾ ಕ್ಷೀಣಿಸಿರುವುದರಿಂದ" ಎಂದು ಶುರು. ನಡುವೆ ಪೆನ್ನು ನಿಲ್ಲಿಸಿ ಕೇಳಿದರು.

"ನೀನ್ ಕೆಲ್ಸಕ್ಕೆ ಸೇರಿದ್ ತಾರೀಕು ಎಷ್ಟೇ?"

ಹೇಳಿದೆ, ವಾರ ಸಮೇತ.

"ಮೊದ್ಲು ಯಾವ್ ಶಾಲೆ? ಇಲ್ಲಿಗೆ ವರ್ಗ ಆಗಿದ್ದು ಯಾವಾಗ?"

ಅದನ್ನೂ ಹೇಳಿದೆ. ಆರ್ಡರಿನ ನಂಬರು ಕೇಳಿದರು, ಅದನ್ನೂ ಹೇಳಿದೆ. ನನ್ನ ಜ್ಞಾಪಕಶಕ್ತಿ ಕ್ಷೀಣಿಸಿದೆ ಎನ್ನುವ ಕಾಗದಕ್ಕೆ ಬೇಕಾದ ಅಷ್ಟೂ ವಿವರ ನನ್ನ ಬಾಯಿಂದಲೇ ಬಂತು. ಇವರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಬರೆದು ಮುಗಿಸಿ ಪೆನ್ನು ನನ್ನ ಕಡೆ ಚಾಚಿದರು.

ನಾನು ಸಹಿ ಹಾಕಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಯಾಕೆ ಹಾಕಿದೆ ಅಂದರೆ, ಅವತ್ತು ಮಧ್ಯಾಹ್ನ ಹಳೆಯ ಪೆಟ್ಟಿಗೆಯಲ್ಲಿ ಅಜ್ಜಿಯ ಸೀರೆಯ ಒಂದು ತುಂಡು ಸಿಕ್ಕಿತ್ತು. ಕೈಯಲ್ಲಿ ಹಿಡಿದುಕೊಂಡಾಗ ಅಜ್ಜಿಯ ಹೆಸರು ನೆನಪಾಗಲಿಲ್ಲ. ಅವಳ ದನಿ ಇದೆ, ಎಲೆಯಡಿಕೆಯ ವಾಸನೆ ಇದೆ, ಹೆಸರಿಲ್ಲ. ಯಾರ ಹತ್ತಿರವೂ ಹೇಳಲಿಲ್ಲ. ಎಲ್ಲರೂ ಹೇಳುತ್ತಿರುವುದು ನಿಜವಿರಬೇಕು, ನನಗೇ ಗೊತ್ತಾಗುತ್ತಿಲ್ಲ ಎಂದು ಭಯವಾಯಿತು. ಆ ಭಯದಲ್ಲಿ ಇಪ್ಪತ್ತೈದು ವರ್ಷದ ಕೆಲಸಕ್ಕೆ ಸಹಿ ಹಾಕಿ ಕೊಟ್ಟೆ.

ಮೂರು ದಿನ ಬಿಟ್ಟು ತಂಬುಳಿಗೆ ರುಬ್ಬುತ್ತಿದ್ದಾಗ ಬಂತು ಹೆಸರು. ದುಗ್ಗಮ್ಮ. ನನ್ನಜ್ಜಿ ದುಗ್ಗಮ್ಮ. ಒರಳಿನ ಮುಂದೆ ಕೂತು ಕಣ್ಣೀರು ಹಾಕಿದೆ, ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಹೆಸರು ಎಲ್ಲಿಗೂ ಹೋಗಿರಲಿಲ್ಲ ಕಣ್ರೀ, ಮೇಲೆ ಅಷ್ಟೊಂದು ಜನರ ಸಾಮಾನು ಪೇರಿಸಿತ್ತು, ಅಡಿಯಲ್ಲಿ ಸಿಕ್ಕಿಕೊಂಡಿತ್ತು, ಅಷ್ಟೇ.

ಕಾಗದ ಇನ್ನೂ ಹೋಗಿರಲಿಲ್ಲ. ಒಂದು ಸಲ ವಕೀಲರಿಗೆ ತೋರಿಸಿ ಕಳಿಸುತ್ತೇನೆ ಎಂದು ಇವರು ಅದನ್ನು ಎಲ್ಲೋ ಇಟ್ಟಿದ್ದರು. ಎಲ್ಲೋ ಅಂದರೆ ಇವರಿಗೆ ಎಲ್ಲೋ. ಹಳೆಯ ವರ್ಷದ ಪಂಚಾಂಗದ ನಡುವೆ, ಆಷಾಢದ ಪುಟದಲ್ಲಿ ಎಂದು ನನಗೆ ಗೊತ್ತು. ಇಡುವಾಗಲೇ ಹೇಳಿದ್ದರು: "ಸೋಮವಾರ ನೆನಪ್ ಮಾಡೆ, ತಗಂಡ್ ಹೋಗ್ತೀನಿ." ನನ್ನ ರಾಜೀನಾಮೆ ಕಳಿಸುವುದನ್ನು ನಾನು ನೆನಪು ಮಾಡಬೇಕಂತೆ! ಆ ಸೋಮವಾರ ಬಂತು, ಹೋಯಿತು. ನಾನು ಬಾಯಿ ಬಿಡಲಿಲ್ಲ. ಇನ್ನೊಂದು ಸೋಮವಾರವೂ ಹೋಯಿತು. ಹರಿದು ಹಾಕಬಹುದಿತ್ತು, ಆದರೆ ಸಹಿ ನನ್ನದೇ ಎಂದು ಯಾಕೋ ಕೈ ಹಿಂದೆಗೆಯಿತು. ದಿನವೂ ಆ ಪಂಚಾಂಗದ ಮುಂದೆ ಹಾದುಹೋಗುವಾಗ ಒಂದೇ ಯೋಚನೆ. ಯಾವತ್ತು ಇವರಿಗೆ ನೆನಪಾಗುತ್ತದೋ ಎಂದು.

ಇರಲಿ, ಗಂಟಿಗೆ ಬರುತ್ತೇನೆ. ಇಷ್ಟು ಹೊತ್ತಿಗೆ ಸಂಜೆ ನಾಲ್ಕಾಗಿತ್ತು. ಜಗಲಿಯಲ್ಲಿ ಇವರು ಟ್ರಾನ್ಸಿಸ್ಟರು ಕಿವಿಗೆ ಹಿಡಿದು ಕೂತಿದ್ದರು. ಕಾಫಿ ಕೊಡಲು ಬಗ್ಗಿದಾಗ ಸೆರಗಿನ ಗಂಟು ಇವರ ಮೊಣಕೈಗೆ ತಾಗಿತು. ಟ್ರಾನ್ಸಿಸ್ಟರು ಕೆಳಗಿಟ್ಟರು.

"ಓ, ಇನ್ನೂ ಬಿಚ್ಚಿಲ್ವಾ ಅದು?"

"ಎಂತದು?" ಅಂದೆ.

"ನಾನೇ ಕಟ್ಟಿದ್ದಲ್ಲ! ಬೆಳಿಗ್ಗೆ ನೀನು ಬಚ್ಚಲಿಗೆ ಹೋಗಿದ್ದಾಗ, ಗಳದ ಮೇಲಿದ್ ಸೀರೆಗೆ ಕಟ್ಟಿಟ್ಟೆ. ನಾಳೆ ನಿಂಗೆ ನೆನಪಿರ್ಲಿ ಅಂತ."

ನಾನು ಗಂಟನ್ನು ನೋಡಿದೆ. ಎರಡು ಸುತ್ತು, ಮೇಲೊಂದು ಬಿಗಿ. ಕೇಸಿನ ಕಟ್ಟು ಕಟ್ಟುವ ಗುಮಾಸ್ತರ ಗಂಟು. ಬೆಳಿಗ್ಗೆಯಿಂದ ನನ್ನ ತಲೆಯನ್ನು ನಾನೇ ಬೈದುಕೊಂಡಿದ್ದೆ. ನನ್ನದಲ್ಲದ ಮರೆವಿಗೆ!

"ನಂಗೆ ನೆನಪಿರ್ಲಿ ಅಂತ ಎಂತಕ್ಕೆ ಕಟ್ಟಿದ್ರಿ?" ಎಂದು ಕೇಳಿದೆ.

ಇವರು ಕಾಫಿ ಲೋಟ ಹಿಡಿದು ಹಣೆ ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದರು. "ನಾಳೆ ವಕೀಲ್ರ ಹತ್ರ ಎಂತದೋ ತಗಂಡ್ ಹೋಗೋದಿತ್ತು ಮಾರಾಯ್ತಿ. ಮುಖ್ಯವಾದ್ದೇ. ಬಾಯಿಗೇ ಬರ್ತಿಲ್ಲ. ಎಂತದು ಹೇಳು? ನಿಂಗೆ ಗೊತ್ತಿರ್ಬೇಕಲ್ಲ."

ಗಂಟಿನೊಳಗೆ ಒಂದು ಚೂರು ಸೀಮೆಸುಣ್ಣ ಇಟ್ಟಿದ್ದರೆ ಸಾಕಿತ್ತು, ಶಾಲೆಯ ಕಾಗದ ನೆನಪಾಗುತ್ತಿತ್ತು. ಅಜ್ಜಿ ಹೇಳಿದ್ದು ನನಗೆ, ಇವರಿಗಲ್ಲ.

"ನಂಗೂ ನೆನಪಿಲ್ಲ" ಅಂದೆ.

"ನೋಡ್ದ್ಯಾ? ಅದ್ಕೇ ಹೇಳೋದು, ನಿನ್ ಮರೆವು ಜಾಸ್ತಿ ಆಯ್ತು ಅಂತ" ಎಂದು ಬೇಸರದಿಂದ ತಲೆಯಾಡಿಸಿ ಟ್ರಾನ್ಸಿಸ್ಟರು ಎತ್ತಿಕೊಂಡರು.

ನಾನು ಅಲ್ಲೇ ನಿಂತು ಹಲ್ಲಿನಿಂದ ಕಚ್ಚಿ ಗಂಟು ಬಿಚ್ಚಿದೆ. ಒಳಗೆ ಹೋಗಿ ಪಂಚಾಂಗ ತೆಗೆದೆ. ಆಷಾಢದ ಪುಟ. ಕಾಗದವನ್ನು ಇನ್ನೊಮ್ಮೆ ಓದಲಿಲ್ಲ, ನನಗೆ ಅದು ಬಾಯಿಪಾಠ. ಅತ್ತೆಯ ಸ್ನಾನಕ್ಕೆ ಬಚ್ಚಲ ಒಲೆ ಉರಿಯುತ್ತಿತ್ತು. ನಾಲ್ಕಾಗಿ ಮಡಿಸಿ ಅದರೊಳಗೆ ಹಾಕಿ, ಪೂರ್ತಿ ಬೂದಿಯಾಗುವವರೆಗೆ ಕೂತು ನೋಡಿದೆ. ಆಮೇಲೆ ಮೇಜಿನ ಮುಂದೆ ಕೂತು ನಾಳೆಯ ಪಾಠ ಬರೆದುಕೊಳ್ಳಲು ಶುರು ಮಾಡಿದೆ. ಹೊಳೆ ದಂಡೆಯ ಊರುಗಳು, ಇರುವವೂ ಇಲ್ಲದವೂ.

ಸ್ವಲ್ಪ ಹೊತ್ತಿಗೆ ಅತ್ತೆ ಬಚ್ಚಲಿನಿಂದ ಕೂಗಿದರು. "ಒಲೇಲಿ ಕಾಗ್ದ ಸುಟ್ಟ ವಾಸ್ನೆ ಬರ್ತದಲ್ಲೇ, ಎಂತ ಹಾಕಿದ್ಯೆ?"

"ಮರ್ತೋಯ್ತು ಅತ್ತೆ" ಅಂದೆ.